ಸಾಸಿವೆಯಿಲ್ಲದ ಒಗ್ಗರಣೆ

ನಮ್ಮ ಮನೆತನದಲ್ಲಿ ಹೊಟ್ಟೆಯಿಂದ ಕೆಳಗಿನ ಎಲ್ಲ ಕಾಯಿಲೆಗಳಿಗೂ ಒಂದೇ ಹೆಸರು: ಉಷ್ಣ. ಉರಿದರೆ ಉಷ್ಣ, ಕಟ್ಟಿದರೆ ಉಷ್ಣ, ಬಿಟ್ಟರೂ ಉಷ್ಣ. ಕಾರಣಗಳು ಸದಾ ಸಿದ್ಧ. ಮೊನ್ನೆ ತಿಂದ ಮಾವಿನಹಣ್ಣು, ನಿನ್ನೆಯ ಕೋಳಿ ಸಾರು, ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟು. ಔಷಧವೂ ಸಿದ್ಧ. ನೆನೆಸಿದ ಕಾಮಕಸ್ತೂರಿ, ಮೊಸರಿಗೆ ಹಾಕಿದ ಮೆಂತ್ಯ, ನೆತ್ತಿಗೆ ಹರಳೆಣ್ಣೆ. ನಮ್ಮ ಅಣ್ಣ ಮಲದಲ್ಲಿ ರಕ್ತ ಕಂಡ ದಿನದಿಂದ ಹದಿನಾಲ್ಕು ತಿಂಗಳು ಈ ಮೂರನ್ನೂ ನಿಷ್ಠೆಯಿಂದ ಮಾಡಿದ. ನೆತ್ತಿ ತಂಪಾಯಿತು, ರಕ್ತ ನಿಲ್ಲಲಿಲ್ಲ. ಕೊನೆಗೆ ಅತ್ತಿಗೆ ಅವನನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಸಾಗಿಸಿದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಆಗ ಅವನಿಗೆ 51. ಶಸ್ತ್ರಚಿಕಿತ್ಸೆ, ಆಮೇಲೆ ಆರು ತಿಂಗಳ ಕೀಮೋ. ಒಂದು ಅಡಿ ಕರುಳು ಕೊಟ್ಟು ಜೀವ ಉಳಿಸಿಕೊಂಡ. ಈಗ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು, "ನನಗೆ ಒಂದೇ ಒಬ್ಬಟ್ಟು ಹಾಕಿ, ಒಳಗೆ ಜಾಗ ಕಡಿಮೆ" ಎಂದು ಬಡಿಸುವವರನ್ನು ಹೆದರಿಸುತ್ತಾನೆ.

ಅಂದೇ ವೈದ್ಯರು ಅತ್ತಿಗೆಗೆ ಒಂದು ಮಾತು ಹೇಳಿದ್ದರು. ಒಡಹುಟ್ಟಿದವರಿಗೆ 40 ತುಂಬಿದಾಗ, ಇಲ್ಲವೇ ಅಣ್ಣನ ಕಾಯಿಲೆ ಪತ್ತೆಯಾದ ವಯಸ್ಸಿಗೆ ಹತ್ತು ವರ್ಷ ಮುಂಚೆ, ಎರಡರಲ್ಲಿ ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ, ಅಂದರೆ ಹಿಂಬಾಗಿಲಿನಿಂದ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಆಗಬೇಕು ಎಂದು. ನನಗೆ ಆಗಲೇ 43. ಮೂರು ವರ್ಷ ತಪ್ಪಿಸಿಕೊಂಡೆ. ಮಗಳ ಪರೀಕ್ಷೆ, ಆಷಾಢ, ಕಚೇರಿಯ ಆಡಿಟ್, ಪಿತೃಪಕ್ಷ, ಹೀಗೆ ಪಂಚಾಂಗ ನನ್ನ ಕೈ ಬಿಡಲಿಲ್ಲ. ಕೊನೆಗೊಂದು ದಿನ ಅತ್ತಿಗೆಯ ಫೋನ್ ಬಂತು. "ಬುಧವಾರ ಬೆಳಿಗ್ಗೆ ಹತ್ತೂವರೆಗೆ ನಿನ್ನ ಸರದಿ. ದುಡ್ಡು ಕಟ್ಟಿದ್ದೇನೆ." ಕಟ್ಟಿದ ದುಡ್ಡನ್ನು ಹಾಳು ಮಾಡುವ ಧೈರ್ಯ ನಮ್ಮ ವಂಶದಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲ.

ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ಹೆಂಡತಿ ಜೋರಾಗಿ ಓದಿದಳು. ಮೂರು ದಿನ ಸೊಪ್ಪು ಇಲ್ಲ, ಕಾಳು ಇಲ್ಲ, ರಾಗಿ ಇಲ್ಲ, ಸಿಪ್ಪೆ ಮತ್ತು ಬೀಜವಿರುವ ಹಣ್ಣು ತರಕಾರಿ ಇಲ್ಲ. ಬಿಳಿ ಅನ್ನ, ಮೊಸರು, ಬಿಳಿ ಬ್ರೆಡ್ಡು ತಿನ್ನಬಹುದು. ನಲವತ್ತಾರು ವರ್ಷ ಸೊಪ್ಪು ತಿನ್ನು, ನಾರು ತಿನ್ನು ಎಂದು ಪೀಡಿಸಿದ ವೈದ್ಯಲೋಕ ಈಗ ಇದ್ದಕ್ಕಿದ್ದಂತೆ ಪಕ್ಷಾಂತರ ಮಾಡಿತ್ತು. ಹಾಸನದಲ್ಲಿ ಹುಟ್ಟಿ ಮೈಸೂರಿಗೆ ಬಂದು ನೆಲೆಸಿದ ನನಗೆ ಮುದ್ದೆಯಿಲ್ಲದ ಮೂರು ರಾತ್ರಿಗಳೆಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಹೆಂಡತಿಯ ಸಂಕಟ ಬೇರೆಯೇ ಇತ್ತು. ಮೊಸರನ್ನಕ್ಕೆ ಒಗ್ಗರಣೆ ಹಾಕಲು ಸೌಟು ಒಲೆಯ ಮೇಲಿಟ್ಟವಳು ಸಾಸಿವೆ ಡಬ್ಬಿಯ ಮುಚ್ಚಳ ತೆಗೆದು ಹಾಗೆಯೇ ನಿಂತಳು. ಸಾಸಿವೆ ಬೀಜವೇ ಅಲ್ಲವೇ? ಜೀರಿಗೆ? ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು. ಆ ಕಡೆಯ ನರ್ಸ್, ಬೀಜಗಳು ಕರುಳಿನ ಮಡಿಕೆಗಳಲ್ಲಿ ಕುಳಿತುಬಿಡುತ್ತವೆ, ಹೀರುವ ಕೊಳವೆಗೂ ಸಿಕ್ಕಿಕೊಳ್ಳುತ್ತವೆ, ಒಂದೂ ಬೇಡ ಎಂದಳು. ಕೊನೆಗೆ ಕಾದ ಎಣ್ಣೆಗೆ ಬರೀ ಇಂಗು ಬಿತ್ತು. ಚಟಪಟ ಎನ್ನದ ಒಗ್ಗರಣೆಯನ್ನು ನಾನು ಅಂದೇ ಮೊದಲು ಕಂಡದ್ದು. ವಾದ್ಯವಿಲ್ಲದ ಮದುವೆಯ ಹಾಗಿತ್ತು.

ಮಂಗಳವಾರ ಊಟ ಪೂರ್ತಿ ಬಂದ್. ಎಳನೀರು, ಸೋಸಿದ ಬೇಳೆಕಟ್ಟು, ಹಾಲಿಲ್ಲದ ಟೀ. ಸಂಜೆ ಆರಕ್ಕೆ ಪುಡಿಯ ಪೊಟ್ಟಣ ಒಡೆದು ಎರಡು ಲೀಟರ್ ನೀರಿಗೆ ಸುರಿದು ಕಲಕಿದೆವು. ಅರ್ಧ ಆಗ, ಇನ್ನರ್ಧ ಬೆಳಗಿನ ಜಾವ. ಕಾಲು ಗಂಟೆಗೊಂದು ಲೋಟ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಆ ವಸ್ತುವನ್ನು ಕರುಳು ಹೀರಿಕೊಳ್ಳುವುದಿಲ್ಲವಂತೆ. ತನ್ನ ಜೊತೆಗಿರುವ ನೀರನ್ನೂ ಹೀರಲು ಬಿಡದೆ ಹಿಡಿದುಕೊಂಡು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಗುಡಿಸಿಕೊಂಡು ಹೊರಡುತ್ತದೆ. ಮೈಯ ಲವಣ ಕಡಿಮೆಯಾಗದಿರಲೆಂದು ಉಪ್ಪುಗಳನ್ನೂ ಬೆರೆಸಿರುತ್ತಾರೆ. ರುಚಿಯ ಬಗ್ಗೆ ಹೇಳುವುದಾದರೆ, ಕಡಲ ನೀರಿನ ಮೇಲೆ ನಿಂಬೆಗಿಡದ ನೆರಳು ಬಿದ್ದ ಹಾಗೆ. ಮೂರು ಲೋಟ ಕುಡಿದರೂ ಏನೂ ಆಗಲಿಲ್ಲ. ಪೊಟ್ಟಣ ಹಳೆಯದಿರಬೇಕು ಎಂದು ತಾರೀಖು ನೋಡುತ್ತಿದ್ದೆ. ಕರೆಗಂಟೆ ಬಾರಿಸಿತು.

ಬಾಗಿಲಲ್ಲಿ ಹೊಳೆನರಸೀಪುರದ ಸೋದರಮಾವ ಮತ್ತು ಅತ್ತೆ. ಕೈಯಲ್ಲಿ ಮಗಳ ಮದುವೆಯ ಲಗ್ನಪತ್ರಿಕೆ, ಬೆಳ್ಳಿ ಬಟ್ಟಲಲ್ಲಿ ಅಕ್ಷತೆ. ಲಗ್ನಪತ್ರಿಕೆಯನ್ನು ಬಾಗಿಲಲ್ಲಿ ನಿಂತು ಇಸಿದುಕೊಳ್ಳುವ ಹಾಗಿಲ್ಲ. ದಂಪತಿ ಪೂರ್ವಾಭಿಮುಖವಾಗಿ ಕೂರಬೇಕು, ಕುಂಕುಮ ಇಡಿಸಿಕೊಳ್ಳಬೇಕು, ಮಾವ ಪತ್ರಿಕೆಯನ್ನು ಒಕ್ಕಣೆಯಿಂದ ಹಿಡಿದು "ತಮ್ಮ ಆಗಮನಾಭಿಲಾಷಿಗಳು" ಎಂಬಲ್ಲಿಯವರೆಗೆ ಓದಬೇಕು. ಅವರು ಮುಹೂರ್ತದ ಸಾಲಿಗೆ ಬರುವಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಎಲ್ಲೋ ದೂರದಲ್ಲಿ ಲಾರಿಯೊಂದು ಗೇರ್ ಬದಲಿಸಿದ ಸದ್ದು. ವಧುವಿನ ಗೋತ್ರಕ್ಕೆ ಬಂದಾಗ ಲಾರಿ ಇಳಿಜಾರಿಗೆ ಬಂದಿತ್ತು. ಮಾವ ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ನಾನು ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದುಬಿಟ್ಟೆ. ಹಿಂದೆ ಹೆಂಡತಿ, "ಅವರಿಗೆ ಸಂತೋಷ ತಡೆಯುವುದಕ್ಕೆ ಆಗುವುದಿಲ್ಲ ಮಾವ" ಎನ್ನುತ್ತಿರುವುದು ಕೇಳಿಸಿತು.

ಹಿಂದಿರುಗಿ ಬಂದೆ, ಮತ್ತೆ ಹೋದೆ. ಮೂರನೆಯ ಸಲ ಬಂದಾಗ ಮಾವ ಕುರ್ಚಿಯಲ್ಲಿರಲಿಲ್ಲ. ಎಲ್ಲಿ ಎಂದು ಕಣ್ಣಲ್ಲೇ ಕೇಳಿದೆ. ಹೆಂಡತಿ ಕಣ್ಣಲ್ಲೇ ಹಿತ್ತಲ ಕಡೆ ತೋರಿಸಿದಳು. ನಮ್ಮ ಮನೆಯಲ್ಲಿರುವುದು ಒಂದೇ ಶೌಚಾಲಯ. ಮಾವ ಅದರಲ್ಲಿದ್ದರು, ಮತ್ತು ಅವರು ಪೇಪರ್ ಹಿಡಿದುಕೊಂಡು ಹೋಗುವ ಜಾತಿಯವರು. ಮುಂದಿನ ಏಳು ನಿಮಿಷಗಳಲ್ಲಿ ನನಗೆ ನೆನಪಾಗದ ದೇವರಿಲ್ಲ. ಎದುರು ಮನೆಯವರು ಕದ ತೆಗೆದರು. ಇಪ್ಪತ್ತು ವರ್ಷದ ನೆರೆಹೊರೆಯಲ್ಲಿ ಅವರ ಮನೆಯ ನಡುಮನೆ ದಾಟಿದವನಲ್ಲ ನಾನು. ಅಂದು ನೇರವಾಗಿ ಗರ್ಭಗುಡಿಗೇ ಹೋದೆ.

ಬೆಳಗಿನ ಜಾವ ಮೂರೂವರೆಗೆ ಅಲಾರಾಂ ಹೊಡೆಯಿತು. ಉಳಿದ ಒಂದು ಲೀಟರ್ ಮುಗಿಸಬೇಕು. ಆ ಹೊತ್ತಿನಲ್ಲಿ ನನ್ನ ಬಳಿ ಉಳಿದಿದ್ದದ್ದು ವೇದಾಂತ ಮಾತ್ರ. ಆರು ಗಂಟೆಗೆ ನರ್ಸ್ ಫೋನ್ ಮಾಡಿ, "ಯಾವ ಬಣ್ಣ ಹೋಗುತ್ತಿದೆ ಸಾರ್?" ಎಂದು ಕೇಳಿದಳು. ಇಂಥ ಪ್ರಶ್ನೆಗೆ ಏನು ಉತ್ತರ ಹೇಳುವುದು ಎಂದು ತಡವರಿಸುತ್ತಿದ್ದಾಗ ಪಕ್ಕದಿಂದ ಹೆಂಡತಿ, "ತಿಳಿಸಾರು ಎನ್ನಿ" ಎಂದಳು. ನರ್ಸ್ ಖುಷಿಯಾದಳು. ನಮ್ಮ ಮನೆಯಲ್ಲಿ ಆಮೇಲೆ ಒಂದು ತಿಂಗಳು ತಿಳಿಸಾರು ಮಾಡಲಿಲ್ಲ.

ಇಷ್ಟೆಲ್ಲ ತೊಳೆಯುವುದೇಕೆ ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಕರುಳಿನ ಒಳಗೋಡೆಯಲ್ಲಿ ಅಣಬೆಯಂತೆ ಏಳುವ ಪಾಲಿಪ್ ಎಂಬ ಪುಟ್ಟ ಗಂಟುಗಳನ್ನು ಅವರು ಹುಡುಕುತ್ತಾರೆ. ನಾಲ್ಕೈದು ಮಿಲಿಮೀಟರಿನ ಗಂಟು ಒಂದು ಚಿಟಿಕೆ ಕಸದಡಿ ಅಡಗಿಬಿಡುತ್ತದೆ. ಅದು ನೋಯುವುದಿಲ್ಲ, ಬಹುಪಾಲು ಏನೂ ಮಾಡುವುದಿಲ್ಲ. ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ, ಅದೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ನಿಧಾನವಾಗಿ. ಸಿಕ್ಕಿದರೆ ಅದೇ ಕೊಳವೆಯೊಳಗಿಂದ ತಂತಿಯ ಕುಣಿಕೆ ತೂರಿಸಿ ಅಲ್ಲೇ ಕತ್ತರಿಸುತ್ತಾರೆ. ಕ್ಯಾನ್ಸರ್ ಹುಟ್ಟುವುದಕ್ಕೆ ಮೊದಲೇ ಅದರ ಜಾತಕ ಹರಿದು ಹಾಕಿದ ಹಾಗೆ. ಅಮೆರಿಕದಲ್ಲಿ ಕಾಯಿಲೆಯ ಸುಳಿವಿಲ್ಲದವರೂ 50ಕ್ಕೆ ಶುರು ಮಾಡಬೇಕೆಂದಿದ್ದ ತಪಾಸಣೆಯನ್ನು 2021ರಲ್ಲಿ 45ಕ್ಕೆ ಇಳಿಸಿದರು. ನಮ್ಮಲ್ಲಿ ಈ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ. 30 ದಾಟಿದವರಿಗೆ ಸರ್ಕಾರ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇಟ್ಟಿದೆ, ಕರುಳು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ನಮ್ಮನ್ನು ಯಾರೂ ಕರೆಯುವುದಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಅತ್ತಿಗೆ ಇರಬೇಕಾಗುತ್ತದೆ.

ಅಮೆರಿಕದ ಅಧ್ಯಕ್ಷರು ಈ ಪರೀಕ್ಷೆಗೆ ಮಲಗುವಾಗ ಅಧಿಕಾರವನ್ನು ಉಪಾಧ್ಯಕ್ಷರಿಗೆ ಬರೆದುಕೊಡುತ್ತಾರೆ. ಬುಷ್ 2002ರಲ್ಲಿ, ಮತ್ತೆ 2007ರಲ್ಲಿ ಡಿಕ್ ಚೆನಿಗೆ ಕೊಟ್ಟರು. 2021ರ ನವೆಂಬರಿನಲ್ಲಿ ಬೈಡನ್ ಮಲಗಿದ್ದ 85 ನಿಮಿಷ ಕಮಲಾ ಹ್ಯಾರಿಸ್ ಕೈಯಲ್ಲಿ ದೇಶವಿತ್ತು. ನಾನೂ ಉಂಗುರ, ವಾಚು, ಪರ್ಸು, ಮೊಬೈಲ್ ಬಿಚ್ಚಿ ಹೆಂಡತಿಗೆ ಒಪ್ಪಿಸಿದೆ. ಮತ್ತಿನ ಔಷಧ ಕೊಡುವುದರಿಂದ ಇಪ್ಪತ್ತನಾಲ್ಕು ಗಂಟೆ ವಾಹನ ಓಡಿಸಬಾರದು, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬಾರದು ಎಂದು ನರ್ಸ್ ಹೇಳಿದಳು. "ಇವರ ಸಹಿಯಿಂದ ನಡೆಯುವ ಕಾಗದ ಮನೆಯಲ್ಲಿ ಯಾವುದೂ ಇಲ್ಲಮ್ಮ" ಎಂದಳು ಉಪಾಧ್ಯಕ್ಷೆ.

ಹಿಂದುಗಡೆ ತೆರೆದಿರುವ ನಿಲುವಂಗಿ ತೊಡಿಸಿದರು. ಮುಂದುಗಡೆ ತೆರೆದಿರಬೇಕೆಂದು ಭಾವಿಸಿ ನಾನು ತಿರುವುಮುರುವಾಗಿ ತೊಟ್ಟು ಹೊರಬಂದ ಪ್ರಸಂಗವನ್ನು ಇಲ್ಲಿ ಬಿಡುತ್ತೇನೆ. ಎಡಮಗ್ಗುಲಿಗೆ ಮಲಗಿ ಮಂಡಿ ಮಡಚಿಕೊಂಡೆ. ಕೈಗೆ ಸೂಜಿ ಚುಚ್ಚಿದರು. ವೈದ್ಯರು ಯಾವ ಊರು ಎಂದು ಕೇಳಿದರು. ಹಾಸನ ಎನ್ನಲು ಹೋಗಿ "ಹಾ" ಎಂದದ್ದು ನೆನಪಿದೆ. "ಸನ" ಎನ್ನುವಾಗ ಪರೀಕ್ಷೆ ಮುಗಿದು ಬೇರೆ ಕೋಣೆಯಲ್ಲಿದ್ದೆ. ಮೂರು ವರ್ಷ ನಾನು ಹೆದರಿದ್ದದ್ದು ಈ ನಿದ್ದೆಗೆ! ಮಗಳು ಹುಟ್ಟಿದ ಮೇಲೆ ಅಷ್ಟು ಒಳ್ಳೆಯ ನಿದ್ದೆ ಮಾಡಿರಲಿಲ್ಲ.

ಕರುಳನ್ನು ಉಬ್ಬಿಸಲು ಗಾಳಿ ತುಂಬಿರುತ್ತಾರೆ. ಅದು ಹೊರಗೆ ಹೋಗಬೇಕು. "ಬಿಡಿ ಸಾರ್, ನಾಚಿಕೊಳ್ಳಬೇಡಿ" ಎಂದು ನರ್ಸ್ ಹುರಿದುಂಬಿಸಿದಳು. ಪರದೆಯ ಆಚೆ ಇನ್ನಿಬ್ಬರು ಹಿರಿಯರು ಅದೇ ಕೆಲಸದಲ್ಲಿದ್ದರು. ಹೀಗೆ ನಾವು ಮೂವರು ಪರಸ್ಪರ ಮುಖ ನೋಡದೆ, ಒಬ್ಬರಾದ ಮೇಲೆ ಒಬ್ಬರು, ಸರಿಯಾದ ತನಿಯಾವರ್ತನವನ್ನೇ ನಡೆಸಿಕೊಟ್ಟೆವು.

ಎರಡು ಪಾಲಿಪ್ ಸಿಕ್ಕಿದ್ದವು, ಆರು ಮಿಲಿಮೀಟರಿನದೊಂದು, ನಾಲ್ಕರದ್ದೊಂದು. ಎರಡನ್ನೂ ತೆಗೆದಿದ್ದರು. ವಾರದ ನಂತರ ವರದಿ ಬಂತು. ಅಡಿನೋಮಾ, ಅಂದರೆ ಮುಂದೊಂದು ದಿನ ಕೆಡಬಹುದಾಗಿದ್ದ ಜಾತಿಯವು, ಆದರೆ ಇನ್ನೂ ಕೆಟ್ಟಿರಲಿಲ್ಲ. ಅಣ್ಣನ ಕಾರಣದಿಂದ ಐದು ವರ್ಷಕ್ಕೆ ಮತ್ತೆ ಬರಬೇಕು. ವರದಿಯನ್ನು ಅಣ್ಣನಿಗೆ ಓದಿ ಹೇಳಿದೆ. ಯಾವುದಕ್ಕೂ ತಮಾಷೆ ಮಾಡುವವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ನದೂ ಯಾವಾಗಲೋ ಆರು ಮಿಲಿಮೀಟರ್ ಇದ್ದಿರಬೇಕು, ಅಲ್ಲವೇನೋ" ಎಂದು ಫೋನ್ ಅತ್ತಿಗೆಗೆ ಕೊಟ್ಟ.

ಮಾವನ ಮಗಳ ಮದುವೆಗೆ ಎಲ್ಲರೂ ಹೋದೆವು. ಊಟದ ನಂತರ ಎಲೆಯಡಿಕೆ ಹಾಕಿಕೊಳ್ಳುತ್ತಾ ಮಾವ, "ಅವತ್ತು ಲಗ್ನಪತ್ರಿಕೆ ಓದುವಾಗ ಎದ್ದು ಓಡಿದೆಯಲ್ಲ, ಏನಾಗಿತ್ತೋ?" ಎಂದು ಕೇಳಿದರು. ಬೇಳೆಕಟ್ಟಿನಿಂದ ತನಿಯಾವರ್ತನದವರೆಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಸುತ್ತ ಒಮ್ಮೆ ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿದರು. "ನನಗೂ ಯುಗಾದಿಯಿಂದ ಆಗೊಮ್ಮೆ ಈಗೊಮ್ಮೆ ಸ್ವಲ್ಪ ರಕ್ತ ಕಾಣುತ್ತಿದೆ ಕಣೋ. ಮದುವೆ ಓಡಾಟ ನೋಡು, ಉಷ್ಣ ಆಗಿರಬೇಕು."

ಅತ್ತಿಗೆ ನಮ್ಮ ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಅವರು ಮೊಬೈಲ್ ತೆಗೆದದ್ದನ್ನು ನಾನು ಕಂಡೆ, ಮಾವ ಕಾಣಲಿಲ್ಲ. ಅವರು ಇನ್ನೂ ನನ್ನ ಕಡೆಗೇ ಬಾಗಿದ್ದರು.

"ಅದು ಹೋಗಲಿ, ಮೂರು ದಿನ ಮುದ್ದೆಯಿಲ್ಲದೆ ಹೇಗೋ ಇದ್ದೆ?"