ಒಂದು ಮಾತ್ರೆ ಕಮ್ಮಿ ಬಿದ್ದ ಜಾಗ

ಪದ್ಯ ಅಂದ ತಕ್ಷಣ ನಾವು ಕೇಳೋ ಮೊದಲನೇ ಪ್ರಶ್ನೆ "ಸಾರಾಂಶ ಏನು" ಅಂತ. ಸ್ಕೂಲಲ್ಲಿ ಹಿಡಿದ ಅಭ್ಯಾಸ ಇದು. ಛಂದಸ್ಸು ವ್ಯಾಕರಣದ ಪೀರಿಯಡ್‌ಗೆ, ಅರ್ಥ ಪದ್ಯದ ಪೀರಿಯಡ್‌ಗೆ, ಎರಡಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಕಲಿತುಬಿಟ್ಟಿದೀವಿ. ಲಘು ಗುರು ಹಾಕು, ಗಣ ವಿಂಗಡಿಸು, ಛಂದಸ್ಸಿನ ಹೆಸರು ಬರಿ, ಮಾರ್ಕ್ಸ್ ತಗೋ. ಆ ಗಣಗಳು ಆ ಪದ್ಯದಲ್ಲಿ ಏನು ಕೆಲಸ ಮಾಡ್ತಿದಾವೆ ಅಂತ ಕೇಳೋರೇ ಇಲ್ಲ. ನನಗಂತೂ ಇದು ತುಂಬಾ ಬೇಜಾರಿನ ವಿಷಯ, ಯಾಕಂದ್ರೆ ಪದ್ಯದ ಅರ್ಥದಲ್ಲಿ ದೊಡ್ಡ ಪಾಲು ಆ ನಡಿಗೆಯಲ್ಲಿ, ಅದನ್ನ ಓದೋ ದನಿಯಲ್ಲಿ ಇರುತ್ತೆ. ಸಾರಾಂಶ ಬರೆಯೋವಾಗ ಮೊದಲು ಬಿದ್ದು ಹೋಗೋದೂ ಅದೇ.

ಒಂದು ಸಣ್ಣ ಪ್ರಯೋಗ ಮಾಡಿ ನೋಡೋಣ. ವಿಷಯ ಇಷ್ಟೇ, ಬಾಗಿಲು ತೆರೆದಿದೆ, ತಾಯಿ ಕಾಯ್ತಿದಾಳೆ, ಹೋದ ಮಗ ಬಂದಿಲ್ಲ. ಮಾತ್ರೆ ಅಂದ್ರೆ ಅಕ್ಷರ ಹೇಳೋಕೆ ಹಿಡಿಯೋ ಹೊತ್ತಿನ ಅಳತೆ, ಗಿಡ್ಡ ಅಕ್ಷರ (ಲಘು) ಒಂದು ಮಾತ್ರೆ, ಉದ್ದ ಅಕ್ಷರ ಇಲ್ಲಾ ಒತ್ತಕ್ಷರದ ಹಿಂದಿನ ಅಕ್ಷರ (ಗುರು) ಎರಡು ಮಾತ್ರೆ, ಇವುಗಳ ಗುಂಪೇ ಗಣ. ಮೊದಲು ನಾಲ್ಕು ನಾಲ್ಕು ಮಾತ್ರೆಗೆ ಕೂರಿಸ್ತೀನಿ:

ಬಾಗಿಲು ತೆರೆದಿದೆ ಹೋದವ ಎಲ್ಲೋ

ಜೋರಾಗಿ ಹೇಳಿ ನೋಡಿ. ಸಮ ಹೆಜ್ಜೆ, ಎಲ್ಲೂ ಎಡವಲ್ಲ, ಮಕ್ಕಳು ಚಪ್ಪಾಳೆ ತಟ್ಟಿಕೊಂಡು ಹೇಳಬಹುದು. ದುಃಖದ ವಿಷಯವೇ ಆದರೂ ದುಃಖ ಹತ್ತಲ್ಲ, ಹೋದವನು ಇನ್ನೇನು ಬಂದುಬಿಡ್ತಾನೆ ಅನ್ನಿಸುತ್ತೆ. ಈಗ ಐದೈದು ಮಾತ್ರೆಗೆ:

ಬಾಗಿಲನು ತೆರೆದಿಟ್ಟು ಕಾಯುತಿರೆ ಹಗಲಿರುಳು
ಬಾರದಾದನು ಮಗನು

ಕಾಯೋಳು ಈಗ ಯಾವುದೋ ಕಥೆಯ ರಾಣಿ ಆಗಿಬಿಟ್ಟಳು. ಐದರ ನಡೆಗೆ ಒಂದು ಗಾಂಭೀರ್ಯ ಇದೆ, ಎಳೆದು ಎಳೆದು ಮುಂದಕ್ಕೆ ಹೋಗುತ್ತೆ, ಹೇಳೋ ದನಿ ತಾಯಿಯದಲ್ಲ, ದೂರ ನಿಂತು ನೋಡ್ತಿರೋ ಕವಿಯದು. ಆರು ಸಾಲಿನ ಪದ್ಯವಾದ ವಾರ್ಧಕ ಷಟ್ಪದಿಯ ನಡೆ ಇದೇ, ಕವಿ ರಾಘವಾಂಕ ಹರಿಶ್ಚಂದ್ರನ ಕಥೆಗೆ ಇದನ್ನ ಹಿಡಿದಿದ್ದು ಸುಮ್ಮನೆ ಅಲ್ಲ ಅಂತ ನನಗನ್ಸುತ್ತೆ. ರಾಜ್ಯ ಬಿಟ್ಟು ನಡೆಯೋ ರಾಜನ ಹೆಜ್ಜೆಗೆ ಈ ತೂಕ ಬೇಕು. ಈಗ ಮೂರು ನಾಲ್ಕು, ಮೂರು ನಾಲ್ಕು:

ತೆರೆದ ಬಾಗಿಲು ತೆರೆದೆ ಉಳಿಯಿತು
ಹೋದ ಮಗನೂ ಬರಲೆ ಇಲ್ಲ

ಇಲ್ಲಿ ಸ್ವಲ್ಪ ನಿಲ್ಲಿ. ಮೂರು ನಾಲ್ಕರ ನಡೆಯೇ ಒಂಥರಾ ಕುಂಟು ನಡೆ, ಒಂದು ಹೆಜ್ಜೆ ಗಿಡ್ಡ ಒಂದು ಹೆಜ್ಜೆ ಉದ್ದ, ಮಾತಾಡೋ ಕನ್ನಡಕ್ಕೆ ತುಂಬಾ ಹತ್ತಿರ. ಆದರೆ ನಾನು ತೋರಿಸ್ಬೇಕು ಅಂದಿದ್ದು ಕೊನೆಯ ಗಣ. ಮೊದಲ ಸಾಲಲ್ಲಿ "ಉಳಿಯಿತು" ಸರಿಯಾಗಿ ನಾಲ್ಕು ಮಾತ್ರೆ. ಎರಡನೇ ಸಾಲಲ್ಲಿ ಅದೇ ಜಾಗಕ್ಕೆ ಬಂದಿರೋ "ಇಲ್ಲ" ಮೂರೇ ಮಾತ್ರೆ. ಒಂದು ಕಮ್ಮಿ. ಪುಸ್ತಕದಲ್ಲಿ ಅದು ಕಾಣಲ್ಲ, ಬಾಯಿಬಿಟ್ಟು ಓದೋವಾಗ ಮಾತ್ರ ಆ ಖಾಲಿ ಜಾಗ ಎದುರಾಗುತ್ತೆ, ಆಗ ಓದೋರು ಏನಾದ್ರೂ ಒಂದು ಮಾಡ್ಲೇಬೇಕು. "ಇಲ್ಲಾ" ಅಂತ ಎಳೆದ್ರೆ ಅದು ಗೋಳು, ತಾಯಿ ಅಳ್ತಿದಾಳೆ. "ಇಲ್ಲ" ಅಂತ ಕಟ್ ಮಾಡಿ ಒಂದು ಮಾತ್ರೆ ಸುಮ್ನಿದ್ರೆ ಅವಳು ಅತ್ತು ಮುಗಿಸಿ ಆಗಿದೆ, ಈಗ ಬರೀ ವಿಷಯ ಹೇಳ್ತಿದಾಳೆ. ಅಕ್ಷರ ಒಂದೂ ಬದಲಾಗಿಲ್ಲ, ಸಾರಾಂಶ ಬರೆದ್ರೆ ಎರಡಕ್ಕೂ ಒಂದೇ ವಾಕ್ಯ, ಆದರೆ ಇಬ್ಬರೂ ಬೇರೆ ಬೇರೆ ಹೆಂಗಸರು.

ಹಾಗಂತ ಇಂಥ ಛಂದಸ್ಸು ಅಂದ್ರೆ ಇಂಥದೇ ಭಾವ ಅಂತ ಪಟ್ಟಿ ಮಾಡೋಕೆ ಹೊರಟ್ರೆ ಅದೂ ದಾರಿ ತಪ್ಪಿದ ಹಾಗೇನೇ. ಯಾಕೆ ಅಂದ್ರೆ ಕುಮಾರವ್ಯಾಸ ಭಾರತದ ಕಥೆ ಹೇಳಿದ್ದು ಭಾಮಿನಿ ಷಟ್ಪದಿಯಲ್ಲಿ, ಮೂರು ನಾಲ್ಕು ಮೂರು ನಾಲ್ಕು. ಪುಣ್ಯಕೋಟಿಯ ಗೋವಿನ ಹಾಡಿನ ನಡೆಯೂ ಮೂರು ನಾಲ್ಕೇ. ಒಂದು ಕಡೆ ಸಭೆ, ಜಗಳ, ಯುದ್ಧ, ಇನ್ನೊಂದು ಕಡೆ ಕರುವಿಗೆ ಹಾಲೂಡಿಸಿ ಬರ್ತೀನಿ ಅನ್ನೋ ಹಸು. ಭಾಮಿನಿಯಲ್ಲಿ ಹದಿನಾಲ್ಕು ಮಾತ್ರೆಯ ಎರಡು ಸಾಲು ಓಡಿ ಮೂರನೇದು 23 ಮಾತ್ರೆಗೆ ಚಾಚಿಕೊಂಡು ಒಂದು ಗುರುವಿನ ಮೇಲೆ ಬಂದು ನಿಲ್ಲುತ್ತೆ, ಅಲ್ಲೀವರೆಗೂ ಉಸಿರು ಬಿಡೋ ಹಾಗಿಲ್ಲ, ಹಾಗಾಗಿ ಮಾತು ಬಿಲ್ಲು ಎಳೆದ ಹಾಗೆ ಬಿಗಿಯಾಗ್ತಾ ಹೋಗುತ್ತೆ. ಗೋವಿನ ಹಾಡಲ್ಲಿ ಅದೇ ಗಣಗಳು ಆಗಾಗ ಒಂದೊಂದು ಮಾತ್ರೆ ಕಮ್ಮಿ ಬಿದ್ದು ದನಿಗೆ ಎಳೆಯೋಕೆ ಜಾಗ ಬಿಡ್ತಾವೆ. ಅಳೋಕೆ ಜಾಗ ಸಿಗೋದು ಅಲ್ಲೇ.

ಕುಮಾರವ್ಯಾಸನ ವಿಷಯ ಬಂದಾಗ ಗಮಕ, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋ ಕಲೆ, ಬಿಟ್ಟು ಮಾತಾಡೋಕಾಗಲ್ಲ. ಅವನ ಪದ್ಯದಲ್ಲಿ ಗಣ ಒಂದು ಕಡೆ ಮುರಿದ್ರೆ ಪದ ಇನ್ನೊಂದು ಕಡೆ ಮುರಿಯುತ್ತೆ, ಎಷ್ಟೋ ಸಲ ಸಾಲು ಮುಗಿದರೂ ಪದ ಮುಗಿದಿರಲ್ಲ, ಮುಂದಿನ ಸಾಲಿಗೆ ದಾಟಿಕೊಂಡು ಹೋಗುತ್ತೆ. ಗಣ ನೋಡ್ಕೊಂಡು ಓದಿದ್ರೆ ತಾಳ ಸರಿ, ಅರ್ಥ ಚೂರುಚೂರು. ಬರೀ ಅರ್ಥ ನೋಡ್ಕೊಂಡು ಓದಿದ್ರೆ ಅದು ಗದ್ಯ. ಒಳ್ಳೆ ಗಮಕಿ ಆದವರು ಎರಡನ್ನೂ ಬಿಡಲ್ಲ, ಅರ್ಥಕ್ಕೆ ತಕ್ಕ ಹಾಗೆ ಪದ ಬಿಡಿಸ್ತಾರೆ, ಆದರೂ ಒಳಗಡೆ ಮೂರು ನಾಲ್ಕು ನಡೀತಾನೇ ಇರುತ್ತೆ. ಕೋಪದಲ್ಲಿರೋ ಪಾತ್ರದ ಮಾತು ಸಾಲಿನ ಮಧ್ಯದಲ್ಲಿ ಥಟ್ಟನೆ ಮುಗಿದಾಗ ನಮಗೆ ಝುಂ ಅನ್ಸೋದು ಛಂದಸ್ಸು ಇನ್ನೂ ಓಡ್ತಿರೋದರಿಂದಲೇ. ಓಡ್ತಿರೋದು ಇಲ್ಲದೇ ಇದ್ರೆ ನಿಂತಿದ್ದು ಗೊತ್ತಾಗೋದಾದ್ರೂ ಹೇಗೆ?

ಆದರೆ ನನಗೆ ಎಲ್ಲಕ್ಕಿಂತ ಹತ್ತಿರ ಆಗೋದು ತ್ರಿಪದಿ, ಮೂರು ಸಾಲಿನ ಪದ್ಯ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದ್ದು, ಅದರಲ್ಲಿ ತ್ರಿಪದಿ ಇದೆ, ಒಳ್ಳೆಯವರಿಗೆ ಒಳ್ಳೆಯವನು ಕೆಣಕಿದವರಿಗೆ ಕಲಿಯುಗ ವಿಪರೀತ ಅನ್ನೋ ವೀರನ ದನಿ. ಸರ್ವಜ್ಞನದೂ ತ್ರಿಪದಿ, ಅಲ್ಲಿ ಊರೂರು ತಿರುಗಿ ಮುಖಕ್ಕೆ ಹೊಡೆದ ಹಾಗೆ ಹೇಳೋ ದನಿ. ಬೀಸೋಕಲ್ಲಿನ ಪದಗಳೂ ತ್ರಿಪದಿ, ಅಲ್ಲಿ ತವರಿನ ನೆನಪು, ಅತ್ತೆ ಮನೆ, ಕೂಸು. ಒಂದೇ ಮೂರು ಸಾಲು, ಒಬ್ಬ ಎದೆ ತಟ್ಟಿಕೊಳ್ತಾನೆ, ಒಬ್ಬ ಬುದ್ಧಿ ಹೇಳ್ತಾನೆ, ಒಬ್ಬಳು ಯಾರ ಹತ್ರನೂ ಹೇಳಕ್ಕಾಗದ್ದನ್ನ ಕಲ್ಲಿನ ಹತ್ರ ಹೇಳ್ಕೋತಾಳೆ. ತ್ರಿಪದಿ ಮೂಲದಲ್ಲಿ ಅಂಶಗಣ ಅನ್ನೋ ಸಡಿಲ ಗಣಗಳದ್ದು, ಮಾತ್ರೆ ಲೆಕ್ಕ ಅಷ್ಟು ಬಿಗಿ ಇಲ್ಲ, ಹಾಡೋರು ಅಕ್ಷರವನ್ನ ಎಳೆಯಬಹುದು ಒತ್ತಬಹುದು. ಅಂದ್ರೆ ದನಿಗೆ ಅಂತಲೇ ಜಾಗ ಬಿಟ್ಟು ಕಟ್ಟಿದ ಛಂದಸ್ಸು. ಹಾಡೋವಾಗ ಎರಡನೇ ಸಾಲನ್ನ ಮತ್ತೊಂದ್ಸಲ ಹೇಳೋ ರೂಢಿ ಇದೆಯಲ್ಲ, ಆ ಎರಡನೇ ಸಲ ಅದೇ ಮಾತು ಅದೇ ಅರ್ಥ ಕೊಡಲ್ಲ. ಮೊದಲ ಸಲ ಅದು ಸುದ್ದಿ, ಎರಡನೇ ಸಲ ಸಂಕಟ. ಅಚ್ಚು ಹಾಕಿದ ಪುಸ್ತಕದಲ್ಲಿ ಆ ಸಾಲು ಒಂದೇ ಸಲ ಇರುತ್ತೆ, ನಾವು ಕಣ್ಣಲ್ಲೇ ಓದಿ ಮುಂದಕ್ಕೆ ಹೋಗಿಬಿಡ್ತೀವಿ.

ವಚನಕ್ಕೆ ಇಂಥ ಕಟ್ಟುನಿಟ್ಟು ಇಲ್ಲ, ಅಲ್ಲಿ ಎಲ್ಲಾ ಭಾರ ದನಿಯ ಮೇಲೇನೇ. ಅಂಕಿತ, ಅಂದ್ರೆ ವಚನದಲ್ಲಿ ಬರೋ ದೇವರ ಹೆಸರು, ಯಾರಿಗೆ ಈ ಮಾತು ಅಂತ ತೋರಿಸುತ್ತೆ. ಅಕ್ಕಮಹಾದೇವಿ "ಚೆನ್ನಮಲ್ಲಿಕಾರ್ಜುನ" ಅಂದಾಗ ಗಂಡ ಅಂದುಕೊಂಡ ದೇವರನ್ನ ಕರೀತಿದಾಳೆ, ಅಲ್ಲಮ "ಗುಹೇಶ್ವರ" ಅಂದಾಗ ಎಷ್ಟೋ ಸಲ ತನಗೆ ತಾನೇ ಹೇಳ್ಕೊಂಡ ಹಾಗಿರುತ್ತೆ. ಇದಕ್ಕೇ ವಚನ ಗಾಯನದ ಬಗ್ಗೆ ನನಗೆ ಒಂದು ತಕರಾರಿದೆ. ಮಲ್ಲಿಕಾರ್ಜುನ ಮನ್ಸೂರರಂಥವರು ವಚನ ಹಾಡಿದ್ದನ್ನ ಕೇಳಿ ಬೆಳೆದ ನಾಡು ಇದು, ವಚನ ಹಾಡಲೇಬಾರದು ಅನ್ನೋ ಮೂರ್ಖತನ ನನಗಿಲ್ಲ. ಆದರೆ ಈಗ ಕೇಳಿಬರೋ ಸುಮಾರು ಹಾಡಿಕೆಯಲ್ಲಿ ಬೈಗುಳ, ಪ್ರಶ್ನೆ, ಬೇಡಿಕೆ, ಲೇವಡಿ ಎಲ್ಲಾ ಒಂದೇ ಭಕ್ತಿಯ ಲಯದಲ್ಲಿ ಕರಗಿಹೋಗುತ್ತೆ. ಸಿಟ್ಟಲ್ಲಿ ಕೇಳಿದ ಪ್ರಶ್ನೆಯನ್ನ ಪಲ್ಲವಿ ಮಾಡಿ ನಾಲ್ಕು ಸಲ ಇಂಪಾಗಿ ಹಾಡಿದ್ರೆ ಅದು ಪ್ರಶ್ನೆಯಾಗಿ ಉಳಿಯಲ್ಲ, ಪ್ರಾರ್ಥನೆ ಆಗುತ್ತೆ. ಹಾಡೋರು ರಾಗ ಹುಡುಕೋಕೆ ಮುಂಚೆ ಆ ವಚನವನ್ನ ಒಂದ್ಸಲ ಜಗಳ ಆಡೋ ಹಾಗೆ ಓದಲಿ. ಪ್ರಶ್ನೆ ಬರೋ ಕಡೆ ತಬಲಾ ನಿಲ್ಲಿಸಿ ಮಾತಲ್ಲೇ ಕೇಳಲಿ, ಆಮೇಲೆ ಬೇಕಾದ್ರೆ ತಾಳಕ್ಕೆ ವಾಪಸ್ ಬರಲಿ.