‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಅಂದ್ರೆ ಏನೂ ಹೇಳಿದ ಹಾಗಲ್ಲ

2024ರ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ದಾವಣಗೆರೆಗೆ, ಅಕ್ಕನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕನ ಮಗ ಕೈ ಹಿಡಿದು ರೂಮಿಗೆ ಕರೆದುಕೊಂಡು ಹೋದ. “ಮಾಮ, ಹೊಸ ಸಿಪಿಯು ತಗೊಂಡಿದೀವಿ. ವ್ಯಾಲೊರಂಟ್ ಗೇಮ್ ಓಪನ್ನೇ ಆಗ್ತಿಲ್ಲ, ಏನಂತ ನೋಡು.”

ಟೇಬಲ್ ಮೇಲೆ ಗಾಜಿನ ಬಾಗಿಲಿನ ದೊಡ್ಡ ಕ್ಯಾಬಿನೆಟ್, ಒಳಗೆ ನಾಲ್ಕು ಫ್ಯಾನ್, ಬಣ್ಣ ಬಣ್ಣದ ಲೈಟು. 28,500 ರೂಪಾಯಿ ಕೊಟ್ಟಿದ್ದರು. ಭಾವನದು ಸಣ್ಣ ಕಿರಾಣಿ ಅಂಗಡಿ, ಚೀಟಿ ಎತ್ತಿದ ದುಡ್ಡು ಅದು. ಪಿಯುಸಿ ಚೆನ್ನಾಗಿ ಪಾಸಾದರೆ ಕೊಡಿಸ್ತೀನಿ ಅಂದಿದ್ದರು, ಹುಡುಗ ಪಾಸಾದ, ಅವರೂ ಮಾತು ಉಳಿಸಿಕೊಂಡರು. ಬಿಲ್ ಎಲ್ಲಿ ಅಂತ ಕೇಳಿದೆ. ಒಂದೇ ಸಾಲು ಬರೆದಿತ್ತು: ಗೇಮಿಂಗ್ ಸಿಪಿಯು, ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 512 ಎಸ್‌ಎಸ್‌ಡಿ. ಅಷ್ಟೇ. ಒಂದು ಪಾರ್ಟಿಗೂ ಮಾಡೆಲ್ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ.

ಆನ್ ಮಾಡಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಐ7 ಅಂತ ಇದ್ದದ್ದು ನಿಜ. ಆದರೆ ಅದು ಐ7-2600. ಇಂಟೆಲ್ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದು 2011ರಲ್ಲಿ. ನಮ್ಮ ಹುಡುಗ ಆಗ ಅಂಗನವಾಡಿಯಲ್ಲಿದ್ದ.

ವ್ಯಾಲೊರಂಟ್ ಯಾಕೆ ಓಪನ್ ಆಗ್ತಿಲ್ಲ ಅನ್ನೋದೂ ಅಲ್ಲೇ ಗೊತ್ತಾಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಬೇಕು, ಇಂಟೆಲ್‌ನಲ್ಲಾದರೆ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಈ ಮದರ್‌ಬೋರ್ಡಿನಲ್ಲಿ ಎರಡೂ ಇಲ್ಲ. ಅಂಗಡಿಯವರು ಆ ಚೆಕ್ ತಪ್ಪಿಸಿ ವಿಂಡೋಸ್ 11 ಹಾಕಿ ಕೊಟ್ಟಿದ್ದರು. ವಿಂಡೋಸ್ ಏನೋ ಓಡುತ್ತಿತ್ತು. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ (ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ಸಾಫ್ಟ್‌ವೇರ್) ತಾನೇ ಟಿಪಿಎಂ 2.0 ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ‘ವ್ಯಾನ್ 9001’ ಅನ್ನೋ ಎರರ್ ತೋರಿಸಿ ನಿಂತುಬಿಡುತ್ತದೆ. ಹುಡುಗ ಹದಿನೈದು ದಿನದಿಂದ ಯೂಟ್ಯೂಬ್ ನೋಡಿಕೊಂಡು ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಇಲ್ಲದ ಆಪ್ಷನ್ ಹುಡುಕುತ್ತಾ ಕೂತಿದ್ದ. ತನ್ನಿಂದಲೇ ಏನೋ ತಪ್ಪಾಗಿದೆ ಅಂದುಕೊಂಡಿದ್ದ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಆಮೇಲೆ ಗಾಜಿನ ಬಾಗಿಲು ಬಿಚ್ಚಿದೆವು. ಗ್ರಾಫಿಕ್ಸ್ ಕಾರ್ಡ್ ಅಂಗೈ ಅಗಲ ಇತ್ತು: ಜಿಟಿ 730, 2014ರ ಕಾರ್ಡು. 4 ಜಿಬಿ ಅಂದದ್ದು ಸುಳ್ಳಲ್ಲ. ಆದರೆ ಅದು ಹಳೇ ಡಿಡಿಆರ್3 ಮೆಮೊರಿ, ಅದೂ 64 ಬಿಟ್ ದಾರಿ. ಭಾವನಿಗೆ ಅರ್ಥವಾಗಲಿ ಅಂತ ಅವರ ಅಂಗಡಿಯ ಲೆಕ್ಕದಲ್ಲೇ ಹೇಳಿದೆ: “ಗೋಡೌನ್ ದೊಡ್ಡದಿದೆ ಭಾವ, ಬಾಗಿಲು ಮಾತ್ರ ಒಂದು ಮೂಟೆ ಹಿಡಿಸೋ ಅಷ್ಟೇ. ಗಿರಾಕಿ ಸಾಲುಗಟ್ಟಿ ನಿಂತರೆ ಏನು ಮಾಡ್ತೀರಿ?” ಅವರು ಏನೂ ಮಾತಾಡಲಿಲ್ಲ. ವ್ಯಾಲೊರಂಟ್ ಹಗುರವಾದ ಆಟ, ಈ ಕಾರ್ಡಿನಲ್ಲೂ ಆಡಬಹುದಿತ್ತು. ಆದರೆ ಹುಡುಗನ ಇನ್ನೊಂದು ಆಸೆ ಫೋರ್ಜಾ ಹೊರೈಜನ್ 5. ಅದಕ್ಕೆ ಕಂಪನಿಯೇ ಹೇಳಿರುವ ಕನಿಷ್ಠ ಕಾರ್ಡು ಜಿಟಿಎಕ್ಸ್ 970. ಅದಕ್ಕೂ ಜಿಟಿ 730ಕ್ಕೂ ಅಜಗಜಾಂತರ.

ಕೊನೆಗೆ ಎಲ್ಲ ಪಾರ್ಟುಗಳಿಗೂ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬಿಚ್ಚಿ ಕೈಗೆ ತಗೊಂಡೆ. ಖಾಲಿ ಡಬ್ಬದಷ್ಟು ಹಗುರ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಅಂತ ಸ್ಟಿಕ್ಕರ್. ಪಕ್ಕದಲ್ಲಿ ಸಣ್ಣ ಅಕ್ಷರದ ಕೋಷ್ಟಕ ಇರುತ್ತೆ, ಅದನ್ನು ಯಾರೂ ಓದಲ್ಲ, ಆದರೆ ಓದಬೇಕಾದದ್ದು ಅದನ್ನೇ. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಅಂತ ಇತ್ತು. ಹನ್ನೆರಡು ಹದಿನಾರಲಿ 192. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯೋದು ಹೆಚ್ಚುಕಡಿಮೆ ಪೂರ್ತಿ ಆ 12 ವೋಲ್ಟ್ ಸಾಲಿನಿಂದಲೇ. ಅಂದರೆ ಲೆಕ್ಕಕ್ಕೆ ಸಿಗೋದು 192 ವ್ಯಾಟ್, ಸ್ಟಿಕ್ಕರ್ ಮೇಲಿನ 500 ಅಲ್ಲ.

ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. “ನಾವು ಹೇಳಿದ್ದೇ ಕೊಟ್ಟಿದ್ದೀವಲ್ಲ ಸರ್, ಐ7 ಅಂದ್ವಿ, ಐ7 ಇದೆ” ಅಂದರು. ಬಿಲ್ ಪ್ರಕಾರ ಅವರ ಮಾತು ಸರಿ. ಇದನ್ನೆಲ್ಲ ಇಲ್ಲಿ ಬರೆಯಲು ಅದೇ ಕಾರಣ. ಬೈಕ್ ಕೊಳ್ಳುವಾಗ ಯಾವ ವರ್ಷದ ಮಾಡೆಲ್ ಅಂತ ಕೇಳದೆ ಯಾರಾದರೂ ದುಡ್ಡು ಕೊಡ್ತಾರಾ? ಕಂಪ್ಯೂಟರ್‌ಗೆ ಮಾತ್ರ ಐ7 ಅಂದ ಕೂಡಲೇ ತಲೆಯಾಡಿಸಿಬಿಡುತ್ತೇವೆ.

ಐ3, ಐ5, ಐ7 ಅನ್ನೋದರಿಂದ ವಯಸ್ಸು ಗೊತ್ತಾಗಲ್ಲ. ಅದರ ಮುಂದಿನ ನಂಬರ್ ನೋಡಿ. 2600ರಲ್ಲಿ ಮೊದಲ ಅಂಕಿ 2, ಅಂದರೆ ಎರಡನೇ ತಲೆಮಾರು. 12100ಎಫ್‌ನಲ್ಲಿ ಮೊದಲ ಎರಡು ಅಂಕಿ 12, ಅಂದರೆ ಹನ್ನೆರಡನೇ ತಲೆಮಾರು, 2022ರದು. ಐ3-12100ಎಫ್‌ನಲ್ಲೂ ನಾಲ್ಕು ಕೋರ್ ಎಂಟು ಥ್ರೆಡ್, ಆ ಹಳೇ ಐ7ನಲ್ಲೂ ನಾಲ್ಕು ಕೋರ್ ಎಂಟು ಥ್ರೆಡ್. ಆದರೂ ಆಟಕ್ಕೆ ಕೂತರೆ ಈ ಐ3 ಆ ಐ7 ಅನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತದೆ. ಅದೂ ಅಲ್ಲದೆ 2600ರಲ್ಲಿ ಎವಿಎಕ್ಸ್2 ಅನ್ನೋ ಸೌಲಭ್ಯ ಇಲ್ಲ, ಅದು ಇಂಟೆಲ್‌ಗೆ ಬಂದದ್ದು 2013ರಲ್ಲಿ. ಅದಿಲ್ಲದೆ ಕೆಲವು ಹೊಸ ಆಟಗಳು ಶುರುವೇ ಆಗುವುದಿಲ್ಲ. ಕೊನೆಯಲ್ಲಿ ಎಫ್ ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಕಾರ್ಡು ಬೇಕೇ ಬೇಕು.

ಗ್ರಾಫಿಕ್ಸ್ ಕಾರ್ಡಿನಲ್ಲಿ ಮೋಸ ಹೋಗುವುದು ಇನ್ನೂ ಸುಲಭ, ಯಾಕಂದ್ರೆ ಅಲ್ಲಿ ಕಂಪನಿಯವರೇ ಗೊಂದಲ ಮಾಡಿಟ್ಟಿದ್ದಾರೆ. ಆರ್‌ಟಿಎಕ್ಸ್ 3050 ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಕಾರ್ಡು ಇವೆ. 2022ರಲ್ಲಿ ಬಂದದ್ದು 8 ಜಿಬಿ, 128 ಬಿಟ್. 2024ರಲ್ಲಿ ಬಂದದ್ದು 6 ಜಿಬಿ, 96 ಬಿಟ್, ಒಳಗೆ ಕೋರ್‌ಗಳೂ ಕಡಿಮೆ. “ಬರೀ 2 ಜಿಬಿ ವ್ಯತ್ಯಾಸ ಸರ್” ಅಂತಾರೆ, ಅಲ್ಲ. ಆಟದಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ. ಆರ್‌ಟಿಎಕ್ಸ್ 3060ರಲ್ಲೂ ಹೀಗೇ 12 ಜಿಬಿ, 8 ಜಿಬಿ ಅಂತ ಎರಡಿವೆ, 8 ಜಿಬಿಯದ್ದು ನಿಧಾನ. ಆರ್‌ಎಕ್ಸ್ 6500 ಎಕ್ಸ್‌ಟಿ ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನ್‌ನಲ್ಲಿ, ಅಂದರೆ ಡೇಟಾ ಓಡಾಡುವ ನಾಲ್ಕೇ ದಾರಿಯಲ್ಲಿ. ಅದನ್ನು ಹಳೇ ಪಿಸಿಐಇ 3.0 ತಲೆಮಾರಿನ ಸ್ಲಾಟ್ ಇರುವ ಬೋರ್ಡಿಗೆ ಹಾಕಿದರೆ ಇರುವ ಶಕ್ತಿಯೂ ಪೂರ್ತಿ ಸಿಗಲ್ಲ. ಹಾಗಾಗಿ ಕಾರ್ಡಿನ ಹೆಸರು, ಜಿಬಿ, ಎರಡೂ ಸೇರಿಸಿ ಯೂಟ್ಯೂಬಿನಲ್ಲಿ ಹುಡುಕಿ. ನೀವು ಆಡಬೇಕೆಂದಿರುವ ಆಟದ ಹೆಸರನ್ನೂ ಜೊತೆಗೆ ಹಾಕಿ. ಹತ್ತು ನಿಮಿಷದ ಕೆಲಸ.

2025ರ ಸಂಕ್ರಾಂತಿ ಕಳೆದ ಮೇಲೆ ಭಾವ ಮೂವತ್ತು ಸಾವಿರ ಹೊಂದಿಸಿದರು, ಉಳಿದದ್ದು ನಾನು ಹಾಕಿದೆ. ಹುಡುಗನನ್ನು ಬೆಂಗಳೂರಿಗೆ ಕರೆಸಿಕೊಂಡು ಕಂಪ್ಯೂಟರ್ ಪಾರ್ಟು ಸಿಗುವ ಎಸ್‌ಪಿ ರೋಡಿಗೆ ಹೋದೆವು. ನೋಟ್‌ಬುಕ್‌ನಲ್ಲಿ ಒಂದೊಂದು ಪಾರ್ಟಿನ ಪೂರ್ತಿ ಹೆಸರು ಅವನೇ ಬರೆದುಕೊಂಡು ಬಂದಿದ್ದ. ನಾಲ್ಕು ಅಂಗಡಿ ಸುತ್ತಿದೆವು. ಎರಡು ಕಡೆ ಪಟ್ಟಿ ನೋಡದೆಯೇ “ಇದೆಲ್ಲ ಬೇಡ ಸರ್, ರೆಡಿ ಪೀಸ್ ಇದೆ, ಆರು ಫ್ಯಾನ್ ಇದೆ” ಅಂದರು. ಸುಮ್ನೆ ಎದ್ದು ಬಂದೆವು. ನಾಲ್ಕನೇ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಪಟ್ಟಿ ಪೂರ್ತಿ ಓದಿದರು, ಕನ್ನಡಕ ಮೇಲೆ ಸರಿಸಿ ಹುಡುಗನ ಮುಖ ನೋಡಿದರು, “ಬೋರ್ಡಿನ ಬಯಾಸ್ ಅಪ್‌ಡೇಟ್ ಆಗಿರೋ ಪೀಸ್ ಕೊಡ್ತೀನಿ, ಇಲ್ಲಾಂದ್ರೆ ಈ ಪ್ರೊಸೆಸರ್ ಎತ್ತಲ್ಲ” ಅಂದರು. ನಾವು ಕೇಳದೆಯೇ ಹೇಳಿದರು ನೋಡಿ, ಅಲ್ಲೇ ಕೊಳ್ಳೋಣ ಅಂತ ತೀರ್ಮಾನ ಮಾಡಿದೆ.

ರೈಜೆನ್ 5 5600, ಆರು ಕೋರ್, ಕೂಲರ್ ಅದರ ಬಾಕ್ಸ್‌ನಲ್ಲೇ ಬರುತ್ತದೆ, ಅದು ಸುಮಾರು ಹನ್ನೊಂದು ಸಾವಿರ. ಬಿ450 ಬೋರ್ಡು ಐದೂವರೆ. 8 ಜಿಬಿಯ ಎರಡು ರ‍್ಯಾಮ್ ಸೇರಿ ಮೂರೂವರೆ ಸಾವಿರದ ಒಳಗೆ. 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಮೂರು ಸಾವಿರ. 550 ವ್ಯಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ನಾಲ್ಕು ಸಾವಿರ, ಗಾಳಿ ಚೆನ್ನಾಗಿ ಆಡುವ ಜಾಲರಿ ಮುಖದ ಕ್ಯಾಬಿನೆಟ್ ಮೂರು. ಉಳಿದ ಇಪ್ಪತ್ತು ಸಾವಿರ ಚಿಲ್ಲರೆ ಒಂದೇ ವಸ್ತುವಿಗೆ: ಆರ್‌ಎಕ್ಸ್ 6600, 8 ಜಿಬಿ. ಒಟ್ಟು ಐವತ್ತು ಸಾವಿರದ ಆಸುಪಾಸು. ಅದರಲ್ಲಿ ನೂರಕ್ಕೆ ನಲವತ್ತು ರೂಪಾಯಿ ಕಾರ್ಡಿಗೇ ಹೋಯಿತು, ಅದು ಹಾಗೇ ಇರಬೇಕು. ಆಟದ ಕಂಪ್ಯೂಟರ್‌ನಲ್ಲಿ ತೆರೆ ಮೇಲೆ ಚಿತ್ರ ಬರೆಯುವುದು ಕಾರ್ಡು. ಲೈಟಿಗೆ, ಗಾಜಿಗೆ, ಬಾಕ್ಸ್ ಮೇಲಿನ ‘ಗೇಮಿಂಗ್’ ಅನ್ನೋ ಹೆಸರಿಗೆ ಕೊಡುವ ಒಂದೊಂದು ಸಾವಿರವೂ ಕಾರ್ಡಿನಿಂದ ಕಿತ್ತುಕೊಂಡದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಕಾರ್ಡಿನ ಪರ ಅಲ್ಲ. ಎಸ್‌ಎಂಪಿಎಸ್‌ನಲ್ಲಿ ದುಡ್ಡು ಉಳಿಸಬೇಡಿ. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಒಂಟಿಯಾಗಿ ಹೋಗಲ್ಲ, ಬೋರ್ಡನ್ನೋ ಕಾರ್ಡನ್ನೋ ಕರೆದುಕೊಂಡೇ ಹೋಗುವುದು ಉಂಟು.

ಬಿಲ್ ಮಾತು ಬಂತು. “ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ” ಅಂತ ಹೇಳುವ ಅಂಗಡಿಯವರು ಇರುತ್ತಾರೆ. ಜಿಎಸ್‌ಟಿ 18 ಪರ್ಸೆಂಟ್ ಅಂದಾಗ ಆಸೆ ಆಗುವುದು ಸಹಜ. ಒಪ್ಪಬೇಡಿ. ಪ್ರೊಸೆಸರ್‌ಗೆ, ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತೆ. ಎರಡನೇ ವರ್ಷ ಇಪ್ಪತ್ತು ಸಾವಿರದ ಕಾರ್ಡು ಕೆಟ್ಟು ನಿಂತಾಗ ಸರ್ವಿಸ್ ಸೆಂಟರ್‌ನವರು ಮೊದಲು ಕೇಳೋದೇ ಬಿಲ್. ನಾವು ಒಂದೊಂದು ಪಾರ್ಟಿನ ಸೀರಿಯಲ್ ನಂಬರ್ ಬರೆಸಿಕೊಂಡೆವು. ಆ ಹಿರಿಯರು ಬಾಕ್ಸ್ ತಿರುಗಿಸಿ ತಿರುಗಿಸಿ ನಂಬರ್ ಓದಿ ಹೇಳುತ್ತಿದ್ದರು, ಹುಡುಗ ನೋಟ್‌ಬುಕ್‌ನಲ್ಲಿ ಟಿಕ್ ಹಾಕುತ್ತಿದ್ದ.

ಮನೆಗೆ ತಂದ ಮೇಲೂ ಮೂರು ವಿಷಯ ನೋಡಬೇಕು, ಇವು ಪುಕ್ಕಟೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದ್ದೀರಾ? ಮೇಲಿನ ಬೋರ್ಡಿನ ಕಿಂಡಿಗೆ ಸಿಕ್ಕಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ರ‍್ಯಾಮ್ 3200 ಅಂತ ಕೊಂಡಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗ್ ಆನ್ ಮಾಡದಿದ್ದರೆ ಕಡಿಮೆ ವೇಗದಲ್ಲೇ ಓಡುತ್ತಿರುತ್ತೆ, ನಮ್ಮದು 2400ರಲ್ಲಿ ಓಡುತ್ತಿತ್ತು. ಮಾನಿಟರ್ 100 ಹರ್ಟ್ಸ್‌ನದ್ದಾದರೂ (ಅಂದರೆ ಸೆಕೆಂಡಿಗೆ 100 ಸಲ ಚಿತ್ರ ಬದಲಿಸುವಂಥದ್ದು) ವಿಂಡೋಸ್ ಸೆಟ್ಟಿಂಗ್ 60ರಲ್ಲೇ ಇರಬಹುದು. ಇದನ್ನು ಕಂಡುಹಿಡಿದದ್ದು ಹುಡುಗನೇ. ಬದಲಾಯಿಸಿ ಮೌಸ್ ಆಡಿಸಿ ನೋಡಿ, “ಮಾಮ, ಬೆಣ್ಣೆ ಥರ ಆಯ್ತು” ಅಂದ. ದಾವಣಗೆರೆ ಹುಡುಗ, ಬೆಣ್ಣೆ ಬಿಟ್ಟು ಬೇರೆ ಮಾತು ಬರುತ್ತಾ!

ಐವತ್ತು ಸಾವಿರ ಎಲ್ಲರ ಕೈಲೂ ಇರಲ್ಲ, ಗೊತ್ತು. ಅಂಥವರಿಗೆ ನಾನು ಹೇಳುವ ದಾರಿ ಬೇರೆ. ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳು ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಅದರಲ್ಲಿ ಎತ್ತರದ ಟವರ್ ಮಾದರಿಯದ್ದು, ಐ5-8500 ಅಥವಾ ಅದರ ನಂತರದ್ದು ಹುಡುಕಿ. 8ನೇ ತಲೆಮಾರು ಆದ್ದರಿಂದ ವಿಂಡೋಸ್ 11ಕ್ಕೂ ತೊಂದರೆ ಇಲ್ಲ. ಈಗ ಆ 3050ಯ 6 ಜಿಬಿ ಕಾರ್ಡು ನೆನಪು ಮಾಡಿಕೊಳ್ಳಿ. ಮೇಲೆ ಬೈದೆ, ಆದರೆ ಅದು ಎಳೆಯುವುದು 70 ವ್ಯಾಟ್ ಮಾತ್ರ. ಬೋರ್ಡಿನ ಸ್ಲಾಟೇ 75 ವ್ಯಾಟ್ ಕೊಡುತ್ತದೆ, ಹಾಗಾಗಿ ಬೇರೆ ಪವರ್ ಕೇಬಲ್ ಬೇಡದ ಮಾದರಿಗಳು ಸಿಗುತ್ತವೆ. ಆಫೀಸ್ ಡಬ್ಬದ ಸಣ್ಣ ಎಸ್‌ಎಂಪಿಎಸ್‌ಗೆ ಹೇಳಿ ಮಾಡಿಸಿದ ಹಾಗೆ. ಒಂದೇ ಕಾರ್ಡು ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಲಾಭ. ಆದರೆ ಚಪ್ಪಟೆ ಸಣ್ಣ ಡಬ್ಬ ಕೊಳ್ಳಬೇಡಿ, ಕಾರ್ಡಿನ ಉದ್ದ ಎತ್ತರ ಹಿಡಿಸಲ್ಲ. ಟೇಪ್ ತಗೊಂಡು ಹೋಗಿ ಅಳೆಯಿರಿ.

ಸೆಕೆಂಡ್ ಹ್ಯಾಂಡ್ ಕಾರ್ಡು ಬರೀ ಮೋಸ ಅಂತ ನಾನು ಹೇಳಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಎಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ಗಳಿಸುವ ಮೈನಿಂಗ್ ನಿಂತಾಗ ರಾಶಿ ರಾಶಿ ಕಾರ್ಡು ಮಾರ್ಕೆಟ್ಟಿಗೆ ಬಂದವು, ಅವುಗಳಲ್ಲಿ ಒಳ್ಳೆಯವೂ ಇದ್ದವು. ಬಿಲ್ ಇದ್ದು, ವಾರಂಟಿ ಉಳಿದಿದ್ದು, ಮಾರುವವರು ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಒಪ್ಪಿದರೆ ಕೊಳ್ಳಿ. ಬಿಸಿ ಎಷ್ಟಾಗುತ್ತೆ ನೋಡಿ, ಫ್ಯಾನ್ ಸದ್ದು ಕೇಳಿ. ಫೋಟೋ ನೋಡಿ ದುಡ್ಡು ಹಾಕಬೇಡಿ.

ನಾನು ಮೇಲೆ ಬರೆದ ಬೆಲೆಗಳು 2025ರ ಶುರುವಿನವು. ಆ ವರ್ಷದ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ. ಹಾಗಾಗಿ ಅದೇ ಪಟ್ಟಿ ಹಿಡಿದು ಹೋದರೆ ಅದೇ ಬೆಲೆಗೆ ಸಿಗಲ್ಲ. ಮನೆಯಲ್ಲಿ ಹಳೇ ಡಿಡಿಆರ್4 ರ‍್ಯಾಮ್ ಇದ್ದರೆ ಎಸೆಯಬೇಡಿ, ಅದನ್ನೇ ಹಾಕಿಸಿ. 32 ಜಿಬಿ ಈಗಲೇ ಬೇಕಿಲ್ಲ, 16 ಸಾಕು.

ಹಳೇ ಐ7 ಈಗ ಭಾವನ ಅಂಗಡಿಯಲ್ಲಿ ಬಿಲ್ ಬರೆಯುತ್ತಿದೆ. ಆ ಕೆಲಸಕ್ಕೆ ಅದು ಬೇಕಾದಷ್ಟಾಯಿತು. ಬಣ್ಣದ ಫ್ಯಾನ್‌ಗಳ ವೈರ್ ಕಿತ್ತಿದ್ದೇವೆ.

ಯಾರಾದರೂ ಮಕ್ಕಳಿಗೆ ಕೊಡಿಸುವ ಯೋಚನೆಯಲ್ಲಿದ್ದರೆ, ದುಡ್ಡು ಕೊಡುವ ಮೊದಲು ಅಂಗಡಿಯ ಕೊಟೇಶನ್ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ಯಾವ ಆಟ ಆಡಬೇಕು ಅನ್ನೋದನ್ನೂ ಬರೆಯಿರಿ. ಭಾನುವಾರ ಕೂತು ಒಂದೊಂದಾಗಿ ನೋಡಿ ಹೇಳುತ್ತೇನೆ.