ಬೆಳಗಾವಿಯ ಕಪಾಟು, ವಿಜಯಪುರದ ಬಿಸಿಲು

ಕಳೆದ ಏಪ್ರಿಲ್ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ ವಿಜಯಪುರದಿಂದ ಅಕ್ಕನ ಫೋನು ಬಂತು. ಅಡುಗೆಮನೆಯಲ್ಲಿ ಬಂದೂಕು ಹಾರಿದಂಥ ಸದ್ದಾಯಿತೆಂದೂ, ಮಾಮಾ, ಅಂದರೆ ಅವಳ ಗಂಡ, ಒನಕೆ ಹಿಡಿದು ಮನೆಯನ್ನೆಲ್ಲ ಜಾಲಾಡಿದರೂ ಕಳ್ಳನಾಗಲಿ ಬೆಕ್ಕಾಗಲಿ ಸಿಗಲಿಲ್ಲವೆಂದೂ ಹೇಳಿ, ಕೊನೆಗೆ ದನಿ ತಗ್ಗಿಸಿ, “ತಮ್ಮಾ, ನೀ ಮಾಡಿಕೊಟ್ಟ ಕಪಾಟೈತೆಲ್ಲಾ, ಅದರ ಬಾಗಲಾ ನಡುವ ಸೀಳೈತಿ. ಒಳಗಿನ ರೊಟ್ಟಿ ಹೊರಗಿಂದ ಕಾಣಾಕತ್ತಾವು” ಎಂದಳು.

ಆ ಕಪಾಟು ನನ್ನ ನಿವೃತ್ತ ಜೀವನದ ಮೊದಲ ದೊಡ್ಡ ಕೆಲಸವಾಗಿತ್ತು. 34 ವರ್ಷ ಬ್ಯಾಂಕಿನಲ್ಲಿ ಬೇರೆಯವರ ಲೆಕ್ಕದಲ್ಲಿ ಐದು ಪೈಸೆಯ ವ್ಯತ್ಯಾಸ ಬಂದರೂ ರಾತ್ರಿ ಕುಳಿತು ಹುಡುಕಿದವನು ನಾನು. ಆದ್ದರಿಂದ ಮರಗೆಲಸ ನನಗೆ ಸುಲಭವಾಗಿ ಒಲಿಯುತ್ತದೆಂದು ಏಕೆ ಭಾವಿಸಿದೆನೋ ಗೊತ್ತಿಲ್ಲ. ನಿವೃತ್ತಿಯ ಹಣ ಖಾತೆಗೆ ಬಂದ ತಿಂಗಳಲ್ಲಿಯೇ ಒಂದು ಟೇಬಲ್ ಸಾ (ಮೇಜಿಗೆ ಜೋಡಿಸಿದ ವಿದ್ಯುತ್ ಗರಗಸ), ಮರದ ಅಂಚು ಕೆತ್ತುವ ಒಂದು ಟ್ರಿಮ್ಮರ್, ಒಂದು ಡ್ರಿಲ್ ಮತ್ತು ಹಲಗೆಗಳನ್ನು ಬಿಗಿಹಿಡಿಯುವ ಅರ್ಧ ಡಜನ್ ಕ್ಲಾಂಪುಗಳನ್ನು ಕೊಂಡು ಬೆಳಗಾವಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕಾರ್ಖಾನೆ ತೆರೆದೆ. ಅದು ಮೇ ತಿಂಗಳು. ಗಾಳಿ ಯಾವ ಕಡೆಗೆ ಬೀಸುತ್ತದೆಂಬುದನ್ನು ನಾನು ಗಮನಿಸಿರಲಿಲ್ಲ, ಪಕ್ಕದ ಮಾಳಿಗೆಯ ಮೇಲೆ ಒಣಗುತ್ತಿದ್ದ ಸಂಡಿಗೆಗಳು ಮಾತ್ರ ಗಮನಿಸಿದವು. ಸಂಜೆ ಪಕ್ಕದ ಮನೆಯ ವೈನಿ ಒಂದು ತಟ್ಟೆ ಸಂಡಿಗೆಯನ್ನು ಕರಿದು ತಂದುಕೊಟ್ಟು, “ನಿಮ್ಮ ಸಾಗವಾನಿ ಹೊಟ್ಟು ಹಾಕಿ ಮಾಡೀನಿ, ರುಚಿ ನೋಡ್ರಿ” ಎಂದು ನಗುತ್ತಲೇ ಹೇಳಿಹೋದರು. ಮರುದಿನವೇ ನನ್ನ ಕಾರ್ಖಾನೆ ಹಿತ್ತಲಿನ ತಗಡಿನ ಕೋಣೆಗೆ ಇಳಿಯಿತು.

ನಮ್ಮ ಎದುರುಮನೆಯ ತರುಣ ಬೆಳಗಾವಿಯ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗದಲ್ಲಿ ಟರ್ನರ್, ಅಂದರೆ ಲೇಥಿನ ಮೇಲೆ ಲೋಹ ಕಡೆಯುವವನು, ಆಗಿದ್ದಾನೆ. ಮಿಲಿಮೀಟರಿನ ನೂರನೆಯ ಒಂದು ಭಾಗದ ವ್ಯತ್ಯಾಸ ಬಂದರೂ ಅವನ ಕೈಯ ಲೋಹದ ತುಂಡು ಗುಜರಿಗೆ ಹೋಗುತ್ತದೆ. ಅಂಥ ಊರಿನಲ್ಲಿ ಕುಳಿತು ನಾನು ಮಾಡಿದ ಮೊದಲ ತಪ್ಪು ಒಂಬತ್ತು ಮಿಲಿಮೀಟರಿನದು. 1200 ಮಿಲಿಮೀಟರ್ ಉದ್ದದ ಹಲಗೆಯ ಮೇಲೆ 300ಕ್ಕೊಂದರಂತೆ ಮೂರು ಗೆರೆಗಳನ್ನು ಮೊದಲೇ ಎಳೆದು, ಅವುಗಳ ಮೇಲೆಯೇ ಕೊಯ್ದು ನೋಡಿದರೆ ನಾಲ್ಕು ತುಂಡುಗಳಲ್ಲಿ ಒಂದೂ 300 ಇರಲಿಲ್ಲ; ನಾಲ್ಕನ್ನೂ ಸಾಲಾಗಿ ಜೋಡಿಸಿದರೂ ಒಟ್ಟು 1191ಕ್ಕೆ ನಿಂತಿತು. ಕಳವಾದ ಮರ ಎಲ್ಲಿಗೆ ಹೋಯಿತೆಂದು ನೆಲದ ಮೇಲೆಲ್ಲ ಹುಡುಕಿದೆ, ಅದು ಹೊಟ್ಟಿನ ರೂಪದಲ್ಲಿ ನನ್ನ ಮೀಸೆಯ ಮೇಲೆಯೇ ಕುಳಿತಿತ್ತು. ಗರಗಸದ ಅಲಗಿಗೂ ದಪ್ಪವಿದೆ, ನನ್ನ ಅಲಗು ಪ್ರತಿ ಕೊಯ್ತಕ್ಕೆ ಮೂರು ಮಿಲಿಮೀಟರ್ ಮರವನ್ನು ಸೇವಾಶುಲ್ಕವೆಂದು ಮುರಿದುಕೊಳ್ಳುತ್ತದೆ. ಜೀವನವಿಡೀ ಗ್ರಾಹಕರ ಖಾತೆಯಿಂದ ಇಂಥ ಶುಲ್ಕವನ್ನು ಮುರಿದವನಿಗೆ ಇದು ಹೊಳೆಯಬೇಕಿತ್ತು. ಈಗ ಒಂದು ಗೆರೆ ಎಳೆದು, ಅಲಗು ಗೆರೆಯ ಆಚೆಗೆ ಬೀಳುವಂತೆ ಕೊಯ್ದು, ಉಳಿದುದನ್ನು ಮತ್ತೆ ಅಳೆದ ಮೇಲೆಯೇ ಮುಂದಿನ ಗೆರೆಯನ್ನು ಎಳೆಯುತ್ತೇನೆ.

ಎರಡನೆಯ ಅನಾಹುತ ಇದಕ್ಕಿಂತ ಸದ್ದಿನದು. ಟೇಬಲ್ ಸಾದಲ್ಲಿ ಅಲಗಿನ ಹಿಂದೆ, ಅದರದೇ ಗೆರೆಯಲ್ಲಿ ನಿಲ್ಲುವ ಒಂದು ತೆಳುವಾದ ಉಕ್ಕಿನ ತಗಡು ಇರುತ್ತದೆ. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಅಲಗನ್ನು ಕಚ್ಚದಂತೆ ತಡೆಯುವುದು ಅದರ ಕೆಲಸ. ನೋಡಲು ಏನೂ ಮಾಡದೆ ಸುಮ್ಮನೆ ನಿಂತಂತೆ ಕಾಣುವ ಕಾರಣ, ಶಾಖೆಯಲ್ಲಿ ಅಂಥವರನ್ನು ಬಹಳ ಕಂಡಿದ್ದ ನಾನು, ಅದನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಮೂರನೆಯ ಹಲಗೆಯನ್ನು ಸೀಳುವಾಗ ಮರವು ಅಲಗಿಗೂ ಪಕ್ಕದ ಆಧಾರಪಟ್ಟಿಗೂ ನಡುವೆ ಸಿಕ್ಕಿಕೊಂಡಿತು. ಅಲಗಿನ ಹಿಂಭಾಗದ ಹಲ್ಲುಗಳು ಅದನ್ನು ಮೇಲಕ್ಕೆತ್ತಿ ನನ್ನ ಕಡೆಗೇ ಎಸೆದವು. ಆ ಗಳಿಗೆಯಲ್ಲಿ ನಾನು ಸೊಳ್ಳೆ ಹೊಡೆಯಲು ಎಡಕ್ಕೆ ಬಾಗಿದ್ದೆ. ಆ ಸೊಳ್ಳೆಯ ಋಣ ನನ್ನ ಮೇಲಿದೆ. ಹಲಗೆಯು ನನ್ನ ಸೊಂಟದ ಪಕ್ಕದಿಂದ ಹಾದು ಬಾಗಿಲಿನಿಂದ ಹೊರಬಿದ್ದು ಹಿತ್ತಲಿನ ನೀಲಿ ಬ್ಯಾರಲ್ಲಿನ ಹೊಟ್ಟೆಯನ್ನು ಸೀಳಿತು. ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿಯ ನೀರು ಬರುವುದು, ಅಂದು ಬೆಳಿಗ್ಗೆಯೇ ಬಂದಿತ್ತು. 200 ಲೀಟರ್ ನೀರು ತುಳಸಿಕಟ್ಟೆಯ ಸುತ್ತ ಹರಿಯುವುದನ್ನು ನನ್ನ ಹೆಂಡತಿ ಒಂದು ಮಾತೂ ಆಡದೆ ನೋಡಿದಳು. ಆ ಮೌನಕ್ಕಿಂತ ಹಲಗೆಯೇ ಬಡಿದಿದ್ದರೆ ವಾಸಿ ಎನಿಸಿತು. ಅಂದಿನಿಂದ ಆ ತಗಡು ತನ್ನ ಜಾಗದಲ್ಲಿದೆ, ನಾನು ಅಲಗಿನ ನೇರಕ್ಕೆ ನಿಲ್ಲುವುದಿಲ್ಲ, ಹಲಗೆಯ ಕೊನೆಯ ಗೇಣನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳುತ್ತೇನೆ. ಟ್ರಿಮ್ಮರನ್ನು ಎದುರಿಗಿರುವ ಅಂಚಿನ ಮೇಲೆ ಎಡದಿಂದ ಬಲಕ್ಕೆ ನಡೆಸಬೇಕು, ಬಲದಿಂದ ಎಡಕ್ಕೆ ನಡೆಸಿದರೆ ಅದು ಹಗ್ಗ ಬಿಚ್ಚಿದ ಹೋರಿಯಂತೆ ಓಡುತ್ತದೆ ಎಂಬುದನ್ನು ಕಲಿತ ಕಥೆಯನ್ನು ಇಲ್ಲಿ ಬಿಡುತ್ತೇನೆ, ಹೋರಿ ಓಡಿದ ಗುರುತು ಮೇಜಿನ ಮೇಲೆ ಈಗಲೂ ಇದೆ.

ಇಷ್ಟೆಲ್ಲ ಕಲಿತ ಮೇಲೆ ಜುಲೈ ತಿಂಗಳಲ್ಲಿ ಅಕ್ಕನ ರೊಟ್ಟಿ ಕಪಾಟಿಗೆ ಕೈಹಾಕಿದೆ. ಕಟ್ಟಿಗೆ ಅಡ್ಡೆಯಲ್ಲಿ ಒಂದು ಇಂಚು ದಪ್ಪದ ಸಾಗವಾನಿ ಹಲಗೆಗಳನ್ನು ಆರಿಸುವಾಗ “ಒಣಗ್ಯಾವೇನ್ರಿ?” ಎಂದು ಕೇಳಿದೆ. ಹೊರಗೆ ಬೆಳಗಾವಿಯ ಮಳೆ ಎಂಟು ದಿನಗಳಿಂದ ನಿಂತಿರಲಿಲ್ಲ, ನನ್ನ ಕಿಸೆಯ ಕರವಸ್ತ್ರವೇ ಒಣಗಿರಲಿಲ್ಲ. “ಕಡಕ್ ಒಣಗ್ಯಾವ್ರಿ” ಎಂಬ ಉತ್ತರ ಬಂತು, ನಾನು ನಂಬಿದೆ. ಬಾಗಿಲಿಗೆ ನಾಲ್ಕು ಪಟ್ಟಿಗಳ ಚೌಕಟ್ಟು, ನಡುವೆ 400 ಮಿಲಿಮೀಟರ್ ಅಗಲದ ದಿಲ್ಲೆ, ಅಂದರೆ ಚೌಕಟ್ಟಿನೊಳಗೆ ಕೂರುವ ಹಲಗೆ. ಆ ದಿಲ್ಲೆ ಎಂದೂ ಅಲುಗಬಾರದೆಂದು ಚೌಕಟ್ಟಿನ ತೋಡಿನೊಳಗೆ ಸುತ್ತಲೂ ಧಾರಾಳವಾಗಿ ಅಂಟು ಸುರಿದು, ಅದೂ ಸಾಲದೆಂದು ಹಿಂದಿನಿಂದ ಹನ್ನೆರಡು ಸ್ಕ್ರೂ ಬಿಗಿದು, ಹೊರಮೈಗೆ ಮಾತ್ರ ಮೂರು ಕೈ ಪಾಲಿಶ್ ಕೊಟ್ಟೆ; ಒಳಮೈಯನ್ನು ಯಾರು ನೋಡುತ್ತಾರೆ? ದೀಪಾವಳಿಗೆ ಅದು ಟೆಂಪೋ ಹತ್ತಿ ಸುಮಾರು 200 ಕಿಲೋಮೀಟರ್ ದೂರದ ವಿಜಯಪುರ ತಲುಪಿತು. ಅಕ್ಕ ಕುಂಕುಮ ಹಚ್ಚಿ ಒಳಗೆ ಬರಮಾಡಿಕೊಂಡಳು.

ಸೀಳಿದ ಕದವನ್ನು ಮೇ ತಿಂಗಳಲ್ಲಿ ಬಿಚ್ಚಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಗೆ ತಂದೆ. ಬಿರುಕು ನಾಲ್ಕು ಮಿಲಿಮೀಟರ್ ಇತ್ತು. ಪಕ್ಕದಲ್ಲಿ ಕುಳಿತಿದ್ದವರು ಅದನ್ನು ಪಂಚೆಯ ಅಂಚಿನಿಂದ ಒರೆಸಿ ಒಳಗೆ ಇಣುಕಿದರು. ನಮ್ಮ ಓಣಿಯ ಬಡಿಗ ಕಾಕಾನ ಮುಂದೆ ಇಟ್ಟಾಗ ಆತ ಬಿರುಕಿನ ಕಡೆಗೆ ನೋಡಲೇ ಇಲ್ಲ, ತಿರುಗಿಸಿ ಸ್ಕ್ರೂಗಳನ್ನು ಎಣಿಸಿ, “ಸಾಹೇಬ್ರ, ಕಪಾಟ ಮಾಡೀರೋ ಜೈಲ ಮಾಡೀರೋ?” ಎಂದ. ಚಹಾ ಮುಗಿಯುವವರೆಗೂ ಆತ ಬಿಡಿಸಿ ಹೇಳಿದ್ದು ಇಷ್ಟು. ಕಟ್ಟಿಗೆಯು ಗಾಳಿಯಲ್ಲಿನ ತೇವವನ್ನು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿಟ್ಟುಕೊಟ್ಟು ಕುಗ್ಗುತ್ತದೆ. ಉದ್ದಕ್ಕೆ ಈ ಆಟ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ, ಅಂದರೆ ಅಗಲದಲ್ಲಿ, ಬಹಳ. ವಿಜಯಪುರದಲ್ಲಿ ಬೀಳುವ ಮಳೆ ಬೆಳಗಾವಿಯ ಸುಮಾರು ಅರ್ಧದಷ್ಟು, ಬಿಸಿಲು ಮಾತ್ರ ಎರಡರಷ್ಟೆಂದು ನಮ್ಮ ಮಾಮಾನ ಅಭಿಪ್ರಾಯ. ಬೆಳಗಾವಿಯ ಶ್ರಾವಣದಲ್ಲಿ ಹೊಟ್ಟೆ ತುಂಬ ಕುಡಿದ ದಿಲ್ಲೆ ಅಲ್ಲಿನ ಚೈತ್ರದಲ್ಲಿ ಕುಗ್ಗಲು ಹೊರಟಿತು. ನಾಲ್ಕೂ ಕಡೆಯಿಂದ ನಾನು ಹಿಡಿದಿದ್ದೆ. ಪಾಪ, ನಡುವೆ ಸೀಳಿಕೊಳ್ಳದೆ ಅದಕ್ಕೆ ಬೇರೆ ದಾರಿ ಇರಲಿಲ್ಲ. “ಕಡದ ಮ್ಯಾಲೆ ಸತ್ತಂಗಲ್ರಿ ಅದು. ಒಲಿಗೆ ಹೋಗೂತನಕಾ ನೀರ ಕುಡೀತೈತಿ” ಎಂದು ಕಾಕಾ ಕಪ್ಪು ಕೆಳಗಿಟ್ಟ.

ಅಂಟನ್ನು ಚೌಕಟ್ಟಿನ ಮೂಲೆಗಳಿಗೆ ಮಾತ್ರ ಹಾಕಬೇಕಂತೆ, ದಿಲ್ಲೆಯು ತೋಡಿನಲ್ಲಿ ಅಂಟಿಲ್ಲದೆ ತನ್ನಷ್ಟಕ್ಕೆ ಸರಿದಾಡಬೇಕಂತೆ. ಬೇಸಿಗೆಯಲ್ಲಿ ಮಾಡಿದರೆ ಉಬ್ಬಲು ತೋಡಿನೊಳಗೆ ಜಾಗ ಬಿಡಬೇಕು. ಮಳೆಗಾಲದಲ್ಲಿ ಮಾಡಿದರೆ ಅದು ಉಬ್ಬಿಯೇ ಇರುವುದರಿಂದ, ಮುಂದೆ ಕುಗ್ಗಿದಾಗ ತೋಡಿನಿಂದ ಹೊರಬೀಳದಷ್ಟು ಆಳ ಇರಬೇಕು. ಪಾಲಿಶ್ ಎರಡೂ ಮೈಗೆ ಬೇಕು, ಒಂದೇ ಮೈಗೆ ಕೊಟ್ಟರೆ ಎರಡೂ ಮೈಗಳು ಬೇರೆ ಬೇರೆ ವೇಗದಲ್ಲಿ ತೇವ ಕುಡಿದು ಹಲಗೆ ತಟ್ಟೆಯಂತೆ ಬಾಗುತ್ತದೆ. ಹಲಗೆ ಒಣಗಿದೆಯೇ ಎಂದು ಅಡ್ಡೆಯವನನ್ನು ಕೇಳುವ ಬದಲು ತಕ್ಕಡಿಯನ್ನು ಕೇಳಬೇಕೆಂಬುದು ಮಾತ್ರ ನನ್ನದೇ ಶೋಧ. ಉಳಿದ ಹಲಗೆಗಳ ನಡುವೆ ಗಾಳಿಯಾಡಲು ರೀಪು ಇಟ್ಟು ಅಟ್ಟದ ಮೇಲೆ ಒಟ್ಟಿದೆ, ಅವುಗಳಲ್ಲೊಂದು ತುಂಡನ್ನು ಪ್ರತಿ ಸೋಮವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ತೂಕ ಇಳಿಯುವುದು ನಿಂತ ವಾರ, ಮರ ಆ ಕೋಣೆಯ ಗಾಳಿಗೆ ಹೊಂದಿಕೊಂಡಿತೆಂದು ಅರ್ಥ. ಹೆಂಡತಿಯು ಬೆಲ್ಲ ತೂಗಲು ಬಂದಾಗಲೆಲ್ಲ ತಕ್ಕಡಿಯ ಮೇಲೆ ಸಾಗವಾನಿ ಕಂಡು, ಯಾವುದು ಹಿಟ್ಟಿಗೆ ಯಾವುದು ಹೊಟ್ಟಿಗೆ ಎಂದು ಬೋರ್ಡು ಬರೆದು ಹಾಕಿರಿ ಎಂದಳು.

ಜುಲೈ ಮಧ್ಯದಲ್ಲಿ ಹೊಸ ಕದವನ್ನು ಕೊಂಡೊಯ್ಯಲು ಅಕ್ಕ ಮತ್ತು ಮಾಮಾ ಬಂದರು. ಹೊಸ ದಿಲ್ಲೆಗೆ ಇನ್ನೂ ಎರಡನೆಯ ಕೈ ಪಾಲಿಶ್ ಆಗಿರಲಿಲ್ಲ. ಮಾಡಿದ ತಪ್ಪನ್ನು ಶಾಸ್ತ್ರೋಕ್ತವಾಗಿ ವಿವರಿಸಬೇಕೆಂದು ತಗಡಿನ ಕೋಣೆಯ ಮೂಲೆಗೆ ಒರಗಿಸಿದ್ದ ಹಳೆಯ ಕದವನ್ನು ಎತ್ತಿ ತಂದು ಮಾಮಾನ ಮುಂದೆ ನಿಲ್ಲಿಸಿದೆ. ಬಿರುಕು ಇರಲಿಲ್ಲ. ಒಂದೂವರೆ ತಿಂಗಳ ಮಳೆಯನ್ನು ಕುಡಿದು ಮರ ಎರಡೂ ಕಡೆಯಿಂದ ಉಬ್ಬಿ, ನಾಲ್ಕು ಮಿಲಿಮೀಟರಿನ ಬಾಯಿ ಮುಚ್ಚಿ, ಕೂದಲೆಳೆಯಂಥ ಗೆರೆಯೊಂದು ಮಾತ್ರ ಉಳಿದಿತ್ತು. ಅಕ್ಕ ಬೆರಳಾಡಿಸಿ ನೋಡಿ, ಅಂದು ರಾತ್ರಿ ಒನಕೆ ಹಿಡಿದು ಓಡಾಡಿದ್ದು ಕನಸೇನೋ ಎಂಬಂತೆ ಗಂಡನ ಮುಖ ನೋಡಿದಳು. ಮಾಮಾ ಕುರ್ಚಿಯಿಂದ ನಿಧಾನವಾಗಿ, ಎರಡೂ ಮೊಣಕಾಲುಗಳು ಲಟಕ್ಕೆಂದು ಸದ್ದು ಮಾಡುವಂತೆ ಎದ್ದು, ಕದದ ಹಿಂದೆ ಒಮ್ಮೆ ಮುಂದೆ ಒಮ್ಮೆ ಇಣುಕಿ, “ಕಟಗಿ ಸಂದು ಕೂಡತಾವಂದ್ರ ನಾನೂ ದೀಪಾವಳಿತನಕಾ ಇಲ್ಲೇ ಇರ್ತೀನಪಾ, ಮೊಣಕಾಲಿನ ಸಂದು ಕೂಡತಾವೇನ ನೋಡೂಣು” ಎಂದು ಅಲ್ಲಿಯೇ ಮತ್ತೆ ಕುಳಿತುಬಿಟ್ಟರು.